ಎಂದುಕೊಂಡು

ಬದಿಯಡ್ಕದ ಟ್ಯುಟೋರಿಯಲ್ಲಿನಲ್ಲಿ ಎಂಟು ವರ್ಷ
ಒಂದೇ ಚರದ ಗಣಿತ ಹೇಳಿಕೊಟ್ಟೆ.
ಎಕ್ಸ್ ನಡೆದರೆ ವೈ ಹಿಂದಿನಿಂದ ಬರುತ್ತದೆ,
ಸಾಕಿದ ನಾಯಿಮರಿಯ ಹಾಗೆ.
ಈಗ ಮೂವತ್ತಮೂರಕ್ಕೆ ಎಂಎಸ್ಸಿಗೆ ಕಟ್ಟಿದ್ದೇನೆ, ಖಾಸಗಿಯಾಗಿ.
ಚರಗಳು ಹಲವು.
ದುಡ್ಡು ಒಂದು ಪುಸ್ತಕದಷ್ಟು.

ಕಾಸರಗೋಡು, ಏಪ್ರಿಲ್, ಮಧ್ಯಾಹ್ನ ಎರಡೂವರೆ.
ಹಳೆ ಬಸ್‌ಸ್ಟ್ಯಾಂಡಿನ ಹಿಂದೆ, ಮೆಟ್ಟಿಲಿನ ಅಡಿಯಲ್ಲಿ
ಅಂದುಂಞಿಯವರ ಹಳೆಪುಸ್ತಕದಂಗಡಿ.
ನಾಲ್ಕನ್ನು ಸ್ಟೂಲಿನ ಮೇಲೆ ಪೇರಿಸಿ
‘ನೋಡಿ ಟೀಚರೇ, ಅವಸರ ಎಂತದ್ದೂ ಇಲ್ಲ’ ಎಂದು
ಚಾಕ್ಕೆ ಹೋದರು.

ನಾನೊಂದು ಉಪಾಯ ಮಾಡಿಕೊಂಡೇ ಬಂದಿದ್ದೆ:
ನಾಲ್ಕರಲ್ಲೂ ಒಂದೇ ಪ್ರಮೇಯ ಹುಡುಕುವುದು,
ಸಮೀಕರಣದ ಹೊಟ್ಟೆಯಲ್ಲಿ ಅಡಗಿ ಕೂತ ಫಲನವನ್ನು
ಹೊರಗೆ ಕರೆಯುವ ಪ್ರಮೇಯ.
ಯಾರು ಹೇಗೆ ಕರೆಯುತ್ತಾರೆ, ನೋಡುವ.

ಮೊದಲನೆಯದು ಮೂರು ಕಿಲೋ. ನುಣುಪು ಕಾಗದ,
ಗುಲಾಬಿ ಗುಡ್ಡ, ಹಸಿರು ಕಣಿವೆ,
ಗುಡ್ಡದ ಬೆನ್ನಿಗೆ ಚುಚ್ಚಿದ ಕೆಂಪು ಬಾಣ.
ಪ್ರಮೇಯಕ್ಕೆ ಚೌಕಟ್ಟು ಹಾಕಿ ಕೆಳಗೆ ಬರೆದಿದೆ:
ಸಾಧನೆ ಈ ಪುಸ್ತಕದ ವ್ಯಾಪ್ತಿಗೆ ಮೀರಿದ್ದು.
ಮೂರು ಕಿಲೋ, ಆದರೂ!

ಎರಡನೆಯದು ರೇಷನ್ ಕಾರ್ಡಿನಷ್ಟು ತೆಳು.
ಅರ್ಧ ಪುಟದಲ್ಲಿ ಎಲ್ಲ ಮುಗಿಸಿದೆ.
‘ಸ್ಪಷ್ಟ’ ಎಂಬ ಮಾತು ಮೂರು ಸಲ.
ಯಾರಿಗೆ ಸ್ವಾಮೀ?
ಬಾಗಿಲು ತೆರೆದಿಟ್ಟು ಒಳಗೆ ದೀಪ ಹಚ್ಚದವರ ಮನೆ ಅದು.
ಒಂದು ದಿನ ಬರುತ್ತೇನೆ,
ಕತ್ತಲೆ ಅಭ್ಯಾಸವಾದ ಮೇಲೆ.

ಮೂರನೆಯದು ಗೈಡು.
ಹತ್ತು ವರ್ಷದ ಪ್ರಶ್ನೆಪತ್ರಿಕೆ, ಬಿಡಿಸಿದ ಉತ್ತರ,
ನಡುವೆ ಕಳೆದುಹೋದ ಒಂದು ಋಣಚಿಹ್ನೆ,
ಕೊನೆಗೆ ತಾನೇ ಬಂದು ಸೇರಿಕೊಂಡದ್ದು.
ಪಾಸಾಗಲು ಇಷ್ಟು ಸಾಕು. ಸುಳ್ಳು ಹೇಳುವುದಿಲ್ಲ,
ಕೈ ಒಂದು ಗಳಿಗೆ ಅಲ್ಲೇ ನಿಂತಿತ್ತು.

ನಾಲ್ಕನೆಯದಕ್ಕೆ ರಟ್ಟಿಲ್ಲ, ಬರೆದವರ ಹೆಸರಿನ ಪುಟವೂ ಇಲ್ಲ,
ಗೋಣಿದಾರದ ಹೊಲಿಗೆ.
ಪ್ರಮೇಯಕ್ಕೆ ಮೊದಲು ಬರಿಯ ಒಂದು ವೃತ್ತ ಬರೆದು ಕೇಳುತ್ತದೆ:
ಇದರ ಮೇಲೆ ಯಾವ ಯಾವ ಬಿಂದುವಿನಲ್ಲಿ ನಿನಗೆ ಕಷ್ಟ?
ಬೆರಳಿಟ್ಟು ಸುತ್ತಿದೆ. ಎಡತುದಿ. ಬಲತುದಿ.
ಉಳಿದಲ್ಲೆಲ್ಲ ದಾರಿ ಉಂಟು.

ಅಂಚಿನಲ್ಲಿ ಪೆನ್ಸಿಲು, ಮಲಯಾಳ ಅಕ್ಷರ.
ನಾನು ಹತ್ತರವರೆಗೆ ಕನ್ನಡ ಮೀಡಿಯಂ,
ಮಲಯಾಳ ಕಲಿತದ್ದು ಬಸ್ಸಿನ ಬೋರ್ಡು ಓದಿ.
ಕೂಡಿಸಿ ಕೂಡಿಸಿ ಓದಿದೆ: ಎಂ, ದು, ಕೊಂ, ಡ್.
ಎಂದುಕೊಂಡು?
ಏನೆಂದುಕೊಂಡು? ಯಾರು? ವಾಕ್ಯದ ಉಳಿದರ್ಧ ಎಲ್ಲಿ?
ಪುಟ ತಿರುವಿದರೆ ಮತ್ತೆ ಎಂದುಕೊಂಡು,
ಹದಿನೇಳನೇ ಸಾಲಿಗೆ ಎರಡೆರಡು ಬಾರಿ ಎಂದುಕೊಂಡು.
ಆಮೇಲೆ ಹೊಳೆದು ಒಬ್ಬಳೇ ನಕ್ಕೆ:
ಅವರಲ್ಲಿ ಅದಕ್ಕೆ ‘ಯಾಕೆ’ ಎಂದು ಅರ್ಥ.

ಅಪ್ಪ, ಬೇಳದ ಐತ್ತು ನಾಯ್ಕ, ಸುರಂಗ ಕಡಿಯುತ್ತಿದ್ದರು.
ಮುರಕಲ್ಲಿನ ಗುಡ್ಡದೊಳಗೆ, ಬಗ್ಗಿ, ಮೇಣದ ಬತ್ತಿ ಹಿಡಿದು.
ಕೋಲಿಗೊಮ್ಮೆ ಪಿಕ್ಕಾಸು ನಿಲ್ಲಿಸಿ
ಗೋಡೆಗೆ ಕೆನ್ನೆ ಒತ್ತುತ್ತಿದ್ದರು, ಮಗುವಿಗೆ ಒತ್ತಿದ ಹಾಗೆ,
ಎಡಕ್ಕೆ, ಬಲಕ್ಕೆ, ನೆತ್ತಿಯ ಕಡೆಗೆ.
ಬುತ್ತಿ ತಂದ ನಾನು ಬಾಯಲ್ಲಿ ನಿಂತು ಕೇಳಿದರೆ,
‘ತಂಪು ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ಏರ್ತದೆ, ಮಗಾ.
ಯಾವ ಕಡೆ ಹೆಚ್ಚು ಬೇಗ ಏರ್ತದೆ, ಅದು ಕಂಡರೆ ಆಯ್ತು.’
ಗುಲಾಬಿ ಗುಡ್ಡದ ಕೆಂಪು ಬಾಣ
ಇಷ್ಟೇ ಹೇಳುತ್ತಿತ್ತು. ಆದರೆ ಅದಕ್ಕೆ ಕೆನ್ನೆ ಇರಲಿಲ್ಲ.

ಅರುವತ್ತು ಕೋಲು ಹೋಗಿ ಬಿಟ್ಟುಬಂದ ಸುರಂಗಗಳೂ ಇವೆ.
ಅವುಗಳಲ್ಲಿ ಬಾವಲಿ.

ಪೆನ್ಸಿಲು ನೂರ ಹನ್ನೆರಡನೇ ಪುಟದಲ್ಲಿ ನಿಂತಿದೆ.
ಆಮೇಲೆ ಅಂಚು ಖಾಲಿ, ಬೆಳ್ಳಗೆ, ಕೊನೆಯವರೆಗೂ.
ಬೇಸತ್ತರೋ, ನೌಕರಿ ಸಿಕ್ಕಿತೋ,
ಕೇಳುವುದೇ ಬೇಡವೆನ್ನುವಷ್ಟು ತಿಳಿಯಿತೋ.
ಅಂದುಂಞಿಯವರಿಗೂ ಗೊತ್ತಿಲ್ಲ. ‘ತೂಕಕ್ಕೆ ಬಂದದ್ದು,’ ಎಂದು
ಎಂಬತ್ತು ರೂಪಾಯಿ ತೆಗೆದುಕೊಂಡರು.

ಬಸ್ಸಿನಲ್ಲಿ ಒಂದನೇ ಪುಟದಿಂದ ಶುರುಮಾಡಿದೆ.
ಚೆರ್ಕಳದ ತಿರುವಿನ ಹತ್ತಿರ, ಅವರು ಸುಮ್ಮನೆ ದಾಟಿಹೋದ
ಒಂದು ಸಾಲು ನನಗೆ ಅಡ್ಡ ನಿಂತಿತು.
ಪೆನ್ಸಿಲು ತೆಗೆದು, ಕುಲುಕಾಟದಲ್ಲಿ ಸೊಟ್ಟಸೊಟ್ಟ,
ಕನ್ನಡದಲ್ಲಿ ಬರೆದೆ: ಎಂದುಕೊಂಡು
ಪ್ರಶ್ನೆಯ ಚಿಹ್ನೆ ಹಾಕಲಿಲ್ಲ.
ವಾಕ್ಯ ಇನ್ನೂ ಉಂಟು.